ವಾಲಿದ ತೆಂಗಿನ ಮರ ಮತ್ತು ಸ್ಕೌಟ್ ಮಕ್ಕಳ ಚಿತ್ರಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಕ್ಕಳಿಗೆ ನಿಸರ್ಗದ ಚಿತ್ರ ಬರೆಯಿರಿ ಎಂದರೆ ಹಾಳೆಯ ಮೇಲೆ ಮೂಡುವುದು ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕಕ್ಕೆ ವಾಲಿದ ಒಂದು ತೆಂಗಿನ ಮರ. ಐದಾರು ಗರಿ, ಮೂರು ಕಾಯಿ. ತೋಟದಲ್ಲೇ ಬೆಳೆದ ಮಗುವಿಗೆ ಗೊತ್ತಿರುವ ಮರ ಇದಲ್ಲ. ಒಳ್ಳೆಯ ಮರದ ತಲೆಯಲ್ಲಿ 30ರಷ್ಟು ಗರಿಗಳಿರುತ್ತವೆ. ಹೆಚ್ಚುಕಡಿಮೆ ತಿಂಗಳಿಗೊಂದು ಹೊಸ ಗರಿ, ಗರಿಯ ಕಂಕುಳಲ್ಲೊಂದು ಹೊಂಬಾಳೆ. ಹಾಗಾಗಿ ಹೂವು, ಹರಳು, ಎಳನೀರು, ಬಲಿತ ಕಾಯಿ ಎಲ್ಲವೂ ಒಂದೇ ಮರದಲ್ಲಿ ಒಟ್ಟಿಗೆ ತೂಗುತ್ತವೆ. ಕಾಂಡದ ಮೇಲಿನ ಒಂದೊಂದು ಉಂಗುರವೂ ಉದುರಿದ ಗರಿಯ ಗುರುತು. ಮಗು ಇದನ್ನೆಲ್ಲ ದಿನಾ ನೋಡುತ್ತದೆ, ಬರೆಯುವುದು ಮಾತ್ರ ಕ್ಯಾಲೆಂಡರಿನ ಮರವನ್ನು.

ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಗಳ ಕಲೆ-ನಿಸರ್ಗ ಕಾರ್ಯಾಗಾರಗಳನ್ನು ಒರೆಗೆ ಹಚ್ಚುವುದಾದರೆ ಈ ಮರವೇ ಸಾಕು. ಶಿಬಿರ ಮುಗಿಸಿ ಬಂದ ಮಗು ಬರೆಯುವ ಮರ ಬದಲಾಗಿದೆಯೇ?

ಕಂಡದ್ದನ್ನು ಕಂಡಂತೆ ಬರೆಯುವ ಈ ಪಾಠ ಸ್ಕೌಟ್ ಚಳವಳಿಗೆ ಹೊಸದಲ್ಲ. ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಮೊದಲ ಶಿಬಿರ ಹೂಡಿದ್ದು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ, ಕಡಲ ನೀರಿನ ಮಧ್ಯೆ. ಅಲ್ಲಿನ ನಾಲ್ಕು ದಳಗಳಲ್ಲಿ ಒಂದಕ್ಕೆ ಕರ್ಲ್ಯೂ ಎಂಬ ಕೆಸರುಬಯಲ ಹಕ್ಕಿಯ ಹೆಸರು. ಮರುವರ್ಷ ಬಂದ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕಕ್ಕೆ ಚಿತ್ರಗಳನ್ನೂ ಅವರೇ ಬರೆದರು. ಬೇಹುಗಾರಿಕೆಯ ದಿನಗಳಲ್ಲಿ ಕೋಟೆಯ ನಕ್ಷೆಯನ್ನು ಚಿಟ್ಟೆಯ ರೆಕ್ಕೆಯ ಗೆರೆಗಳಲ್ಲಿ ಅಡಗಿಸುತ್ತಿದ್ದ ಕಥೆಯನ್ನೂ ಅವರೇ ಬರೆದುಕೊಂಡಿದ್ದಾರೆ. ಅವರ ಮಟ್ಟಿಗೆ ಚಿತ್ರವೆಂದರೆ ಕಣ್ಣಿಗೆ ಕೊಡುವ ತಾಲೀಮು. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಆದರೂ ಆ ತಾಲೀಮು ನಮ್ಮ ಶಿಬಿರಗಳಲ್ಲಿ ಸೊರಗಿದೆ. ಗಂಟು ಹಾಕುವುದು, ಪಥಸಂಚಲನ, ಶಿಬಿರಾಗ್ನಿ ಇವು ಉಳಿದಿವೆ. ಚಿತ್ರವೆಂಬುದು ಪರಿಸರ ದಿನದ ಪೋಸ್ಟರಿಗೆ, ಗೇಟಿನ ಅಲಂಕಾರಕ್ಕೆ ಇಳಿದಿದೆ.

2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆಯಲ್ಲಿ ನಡೆದ ಸ್ಕೌಟ್ಸ್-ಗೈಡ್ಸ್ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಸಾವಿರಾರು ಮಕ್ಕಳನ್ನು ಕರಾವಳಿ ಜಿಲ್ಲೆಗೆ ಕರೆತಂದಿತು. ಬೇರೆ ಬೇರೆ ರಾಜ್ಯಗಳ ಮಕ್ಕಳು ಒಂದೇ ಕಡೆ ಉಂಡು ಮಲಗಿದ್ದು ದೊಡ್ಡ ಲಾಭ. ಆದರೆ ಅಷ್ಟು ದೊಡ್ಡ ಮೇಳದಲ್ಲಿ ಒಂದು ಹಕ್ಕಿಯ ಮುಂದೆ ಅರ್ಧ ಗಂಟೆ ಸುಮ್ಮನೆ ಕೂರುವುದು ಆಗುವ ಮಾತಲ್ಲ. ಅದಕ್ಕೆ ಬೇಕಾದ್ದು ಎಂಟು ಮಕ್ಕಳ ಒಂದು ದಳ, ಒಂದು ಪೆನ್ಸಿಲ್ಲು, ಅವಸರ ಮಾಡದ ಮೇಷ್ಟ್ರು.

ಆ ದಳವನ್ನು ಎಲ್ಲಿ ಕೂರಿಸಬೇಕು? ಕಡಲಂಚಿನ ಜೌಗಿಗೆ ಇರುವ ಬಲವೇ ಬೇರೆ, ಅದನ್ನು ಒಪ್ಪಲೇಬೇಕು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕಾಂಡ್ಲ (ಮ್ಯಾಂಗ್ರೋವ್) ಗಿಡಗಳು, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತದ ಗಜನಿ ಗದ್ದೆಗಳು, ಕೆಸರಲ್ಲಿ ಚಿಪ್ಪು ಹೆಕ್ಕುವ ಹೆಂಗಸರು ಎಲ್ಲ ಅಲ್ಲಿ ಒಟ್ಟಿಗೆ ಸಿಗುತ್ತಾರೆ. ಒಂದೇ ಜಾಗದಲ್ಲಿ ಕೂತು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಚಿತ್ರ ಬರೆದರೆ ಭರತ-ಇಳಿತ ಹಾಳೆಯ ಮೇಲೇ ಕಾಣುತ್ತದೆ. ಬೆಳಿಗ್ಗೆ ನೀರಿದ್ದ ಕಡೆ ಆರು ಗಂಟೆ ಕಳೆದ ಮೇಲೆ ಬರೀ ಬೇರು, ಏಡಿಯ ಬಿಲ. ಬಯಲುಸೀಮೆಯ ಕೆರೆ ಇಷ್ಟು ಬದಲಾವಣೆ ತೋರಿಸಲು ಆರು ತಿಂಗಳು ಬೇಕು.

ಆದರೆ ನೋಡಲು ಬಾರದ ಮಗುವನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕೂರಿಸಿ ಅಲ್ಲಿಗೆ ಕರೆದೊಯ್ದರೆ ಅದು ಬರೆಯುವುದು ಮತ್ತದೇ ವಾಲಿದ ಮರವನ್ನು. ಆದ್ದರಿಂದ ಮೊದಲ ಪಾಠ ಮನೆಯ ಹತ್ತಿರದ ಕೆರೆಯಂಚಿನಲ್ಲೇ ನಡೆಯಲಿ. ತುರುವೇಕೆರೆಯವರಿಗೆ ಮಲ್ಲಾಘಟ್ಟ ಕೆರೆಯಿದೆ, ಚಿಕ್ಕನಾಯಕನಹಳ್ಳಿಯವರಿಗೆ ಬೋರನಕಣಿವೆಯಿದೆ. ನೀರಿನ ಮೇಲೆ ಬಾಗಿದ ಗರಿಯ ತುದಿಯಲ್ಲಿ ಗೀಜಗನ ಗೂಡು ಕಂಡರೆ ಒಂದು ಬೆಳಗು ಪೂರ್ತಿ ಅದಕ್ಕೇ ಮೀಸಲಿಡಬಹುದು. ಗಂಡು ಹಕ್ಕಿ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಉದ್ದುದ್ದ ಎಳೆ ಸೀಳಿ ತರುತ್ತದೆ. ಮೊದಲು ಗಂಟು, ಆಮೇಲೆ ಉಂಗುರ, ಆಮೇಲೆ ಟೋಪಿಯಾಕಾರದ ಅರ್ಧ ಗೂಡು. ಹೆಣ್ಣು ಬಂದು ನೋಡಿ ಒಪ್ಪಿದರೆ ಮಾತ್ರ ಉದ್ದನೆಯ ಕೊಳವೆಯ ಬಾಗಿಲು. ಹಗ್ಗದ ಗಂಟು ಕಲಿಯುತ್ತಿರುವ ಸ್ಕೌಟಿಗೆ ಇದಕ್ಕಿಂತ ಒಳ್ಳೆಯ ಗುರು ಎಲ್ಲಿ ಸಿಕ್ಕಾನು? ನೆಲಕ್ಕೆ ಬಿದ್ದ ಹಳೆಯ ಗೂಡೊಂದನ್ನು ಕೈಯಲ್ಲಿ ಹಿಡಿದು ಎಳೆ ಎಳೆಯಾಗಿ ಬರೆದ ಮಗು ಮುಂದೆ ಕಾಂಡ್ಲದ ಬೇರಿನ ಜಾಲಕ್ಕೆ ಹೆದರುವುದಿಲ್ಲ.

ಕೆರೆಯಲ್ಲಿ ಅಪಾಯವೂ ಇದೆ. ಗೋಡುಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮಕ್ಕಳು ಏರಿಯಿಂದ ಕೆಳಗಿಳಿಯದಂತೆ ಗೆರೆ ಹಾಕಲೇಬೇಕು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ನೀರಿನ ಭಯವಿಲ್ಲದೆ ಚಿಕ್ಕ ಮಕ್ಕಳನ್ನು ಕೂರಿಸಿ ಬರೆಸಲು ಅದೂ ಒಳ್ಳೆಯ ಜಾಗ.

ಎಲ್ಲಕ್ಕಿಂತ ಮೊದಲು ಬದಲಾಗಬೇಕಾದ್ದು ಚಿತ್ರಸ್ಪರ್ಧೆಗಳಲ್ಲಿ ಬಹುಮಾನ ಕೊಡುವ ಕ್ರಮ. ಬಣ್ಣ ಗೆರೆ ದಾಟಿತೇ ಎಂದು ನೋಡುವ ತೀರ್ಪುಗಾರರು ಮಗುವನ್ನು ಹತ್ತಿರ ಕರೆದು ಚಿತ್ರದ ಬಗ್ಗೆ ಕೇಳಲಿ: ಈ ಬೆಳ್ಳಕ್ಕಿ ಎಷ್ಟು ನೀರಲ್ಲಿ ನಿಂತಿತ್ತು, ಕಾಲು ಯಾವ ಬಣ್ಣ, ಏನು ಹಿಡಿಯಿತು? ಉತ್ತರ ಗೊತ್ತಿರುವ ಮಗುವಿನ ಸೊಟ್ಟ ಚಿತ್ರಕ್ಕೇ ಮೊದಲ ಬಹುಮಾನ ಸಲ್ಲಬೇಕು.