ಇರುಳನ್ನು ದುಡಿಸಿಕೊಂಡ ಕಲೆ

ಟೊರಾಂಟೊದಲ್ಲಿ ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ಬರುವ ಒಂದು ಶನಿವಾರ ಊರು ಮಲಗುವುದಿಲ್ಲ. ಸಂಜೆಯಿಂದ ಬೆಳಗಿನವರೆಗೆ ಬೀದಿಗಳೆಲ್ಲ ಕಲೆಯ ವಶ. ‘ನ್ವಿ ಬ್ಲಾಂಶ್’ ಎಂಬ ಈ ಹಬ್ಬಕ್ಕೆ ಟಿಕೆಟ್ ಇಲ್ಲ. ನಗರಸಭೆಯ ಅಂಗಳ, ಬ್ಯಾಂಕುಗಳ ಗೋಪುರಗಳ ನಡುವಿನ ರಸ್ತೆ, ಕಾರು ನಿಲ್ಲಿಸುವ ನೆಲಮಾಳಿಗೆ, ಎಲ್ಲಿ ಬೇಕಾದರೂ ಕಲಾಕೃತಿ ಎದುರಾದೀತು. 2006ರ ಮೊದಲ ಹಬ್ಬಕ್ಕೇ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಬಂದರೆಂಬ ಅಂದಾಜಿತ್ತು. ಹಬ್ಬ ಗೆದ್ದಿತೆನ್ನಲು ಆ ಜನಸಾಗರ ಸಾಕು. ಕಲೆ ಗೆದ್ದಿತೇ ಎಂದು ತಿಳಿಯಲು ಮಾತ್ರ ಪ್ರತಿ ಕೃತಿಯ ಮುಂದೆ ನಿಂತು ಕೇಳಬೇಕು: ಇದಕ್ಕೆ ರಾತ್ರಿಯೇ ಏಕೆ ಬೇಕಿತ್ತು?

ಈ ಪ್ರಶ್ನೆಗೆ ಅತ್ಯುತ್ತಮ ಉತ್ತರ ಸಿಕ್ಕಿದ್ದು ಹಬ್ಬದ ತವರಿನಲ್ಲಿ. 2002ರ ಅಕ್ಟೋಬರಿನಲ್ಲಿ ಮೇಯರ್ ಬರ್ಟ್ರಾಂಡ್ ಡೆಲನೊಯೆ ಅವರ ಆಡಳಿತ ಪ್ಯಾರಿಸ್ಸಿನಲ್ಲಿ ಇದನ್ನು ಆರಂಭಿಸಿತು. ಜನರಿಗೆಂದು ಬಾಗಿಲು ತೆರೆದಿಟ್ಟ ನಗರಸಭಾ ಭವನದಲ್ಲೇ ಅಂದು ಮೇಯರ್‌ಗೆ ಚೂರಿ ಇರಿತವಾಯಿತು. ಹಬ್ಬ ನಿಲ್ಲಕೂಡದೆಂದು ಅವರು ಹಟ ಹಿಡಿದರು. ಅದೇ ರಾತ್ರಿ ಕಲಾವಿದೆ ಸೋಫಿ ಕಾಲ್ ಐಫೆಲ್ ಗೋಪುರದ ತುದಿಯಲ್ಲಿ ಮಂಚ ಹಾಕಿಸಿ ಮಲಗಿದ್ದರು. ಅಪರಿಚಿತರು ಒಬ್ಬೊಬ್ಬರಾಗಿ ಬಂದು, ನಿದ್ದೆ ಹತ್ತದಂತೆ ಕತೆ ಹೇಳಬೇಕಿತ್ತು. ಒಬ್ಬರಿಗೆ ಐದು ನಿಮಿಷ. ಅಷ್ಟೇ ಕೃತಿ. ಇದನ್ನು ಹಗಲಿಗೆ ತಂದರೆ ಏನೂ ಉಳಿಯದು. ಭಾರವಾಗುವ ರೆಪ್ಪೆ, ಸರತಿಯಲ್ಲಿ ಕಾಯುವವರ ದಣಿವು, ಗುರುತಿಲ್ಲದವರ ನಡುವೆ ಕತ್ತಲು ತರುವ ಸಲುಗೆ, ಇವೇ ಅದರ ಸಾಮಗ್ರಿ.

ಟೊರಾಂಟೊದ ಮೊದಲ ವರ್ಷದಲ್ಲೂ ಅಂಥದೊಂದು ಕೃತಿಯಿತ್ತು. 1970ರ ಒಸಾಕಾ ಮೇಳದಿಂದಲೂ ಮಂಜನ್ನೇ ಮಾಧ್ಯಮವಾಗಿಸಿಕೊಂಡ ಜಪಾನಿನ ಫುಜಿಕೊ ನಕಾಯಾ, ವಿಶ್ವವಿದ್ಯಾಲಯದ ಆವರಣದ ‘ಫಿಲಾಸಫರ್ಸ್ ವಾಕ್’ ಎಂಬ ಕಾಲುದಾರಿಯನ್ನು ಮಂಜಿನಲ್ಲಿ ಮುಳುಗಿಸಿದರು. ಅತಿ ಒತ್ತಡದಲ್ಲಿ ನೀರನ್ನು ಸಣ್ಣ ನಳಿಕೆಗಳಿಂದ ಚಿಮ್ಮಿಸಿ ಮಂಜು ಮಾಡುವ ವಿಧಾನ ಅವರದು. ಹೊಗೆಯಿಲ್ಲ, ರಾಸಾಯನಿಕವಿಲ್ಲ. ಆ ದಾರಿ ಸಾಗುವುದು ಟ್ಯಾಡಲ್ ಕ್ರೀಕ್ ಎಂಬ ತೊರೆಯ ಜಾಡಿನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಊರು ಆ ತೊರೆಯನ್ನು ನೆಲದಡಿ ಹೂತುಬಿಟ್ಟಿತ್ತು. ಹೂತ ನೀರು ಮಂಜಾಗಿ ಮೇಲೆದ್ದಂತೆ ಕಂಡದ್ದು ಈ ಕೃತಿಯ ನಿಜವಾದ ಬಲ. ಮುಂದಿನವರ ಬೆನ್ನೂ ಕಾಣದೆ ಜನ ನಡಿಗೆ ನಿಧಾನಿಸಿದರು, ದನಿ ತಗ್ಗಿಸಿದರು.

2013ರಲ್ಲಿ ನಗರಸಭೆಯ ಮುಂದಿನ ನೇಥನ್ ಫಿಲಿಪ್ಸ್ ಚೌಕದಲ್ಲಿ ನಿಂತದ್ದು ಚೀನಾದ ಕಲಾವಿದ ಐ ವೇವೇ ಅವರ ‘ಫಾರೆವರ್ ಬೈಸಿಕಲ್ಸ್’. 3,144 ಸೈಕಲ್‌ಗಳನ್ನು ಒಂದಕ್ಕೊಂದು ಜೋಡಿಸಿ ಎತ್ತರಕ್ಕೆ ಪೇರಿಸಿದ ಬೃಹತ್ ರಚನೆ. ಚೀನಾ ಸರ್ಕಾರ ಪಾಸ್‌ಪೋರ್ಟ್ ಕಿತ್ತುಕೊಂಡಿದ್ದರಿಂದ ಕಲಾವಿದರೇ ಬರುವಂತಿರಲಿಲ್ಲ. ಚಲಿಸಲೆಂದೇ ಇರುವ ಸೈಕಲ್‌ಗಳು ಅಲ್ಲಾಡದೆ ನಿಂತ ನೋಟಕ್ಕೆ ಇದರಿಂದ ಬೇರೆಯೇ ತೂಕ ಬಂದಿತ್ತು. ದೊಡ್ಡ ಕೃತಿ, ಸಂಶಯವಿಲ್ಲ. ಆದರೆ ಅದಕ್ಕೆ ರಾತ್ರಿಯ ಹಂಗಿರಲಿಲ್ಲ. ಬಣ್ಣದ ದೀಪಗಳು ಅದನ್ನು ಅಲಂಕರಿಸಿದವು, ಅರ್ಥವನ್ನು ಹೆಚ್ಚಿಸಲಿಲ್ಲ. ಹಬ್ಬದ ಗದ್ದಲ ಮುಗಿದ ಮೇಲೂ ಅದು ಕೆಲಕಾಲ ಅಲ್ಲೇ ಉಳಿಯಿತು. ಆಗ ಹಗಲ ಬೆಳಕಿನಲ್ಲಿ ಸುತ್ತು ಹಾಕಿ ಬಂದವರು ಕಳೆದುಕೊಂಡದ್ದು ಏನೂ ಇಲ್ಲ.

ಇನ್ನು ಕೆಲವು ಕೃತಿಗಳಿಗೆ ಬಲ ಬಂದದ್ದು ಜಾಗದಿಂದ. ಜಗತ್ತಿನ ಆರ್ಥಿಕ ಕುಸಿತದ ಮರುವರ್ಷ, 2009ರಲ್ಲಿ, ಕಲಾವಿದ ಇಯಾನ್ ಬ್ಯಾಕ್ಸ್‌ಟರ್ ನಗರದ ಹಣಕಾಸು ವಲಯದಲ್ಲೇ, ಆಟಿಕೆ ನೋಟುಗಳ ಮೊನೊಪಲಿಯನ್ನು ಅಸಲಿ ನೋಟುಗಳಿಂದ ಆಡಿಸಿದರು. 2012ರಲ್ಲಿ ನಗರಸಭೆಯ ಚೌಕದ ಕೆಳಗಿನ ಪಾರ್ಕಿಂಗ್ ‘ಲೋಕಾಂತ್ಯದ ಮ್ಯೂಸಿಯಂ’ ಆಯಿತು. ನಿತ್ಯ ಹಾದುಹೋಗುವ ಜಾಗದಲ್ಲಿ ಜನರನ್ನು ಒಮ್ಮೆ ತಡೆದು ನಿಲ್ಲಿಸುವ ಶಕ್ತಿ ಎರಡಕ್ಕೂ ಇತ್ತು.

ತೊಡಕಿರುವುದು ಹಬ್ಬದ ರಚನೆಯಲ್ಲಿ. ರಾತ್ರಿಯಿಡೀ ನಡೆಯುವ ನಮ್ಮ ಬಯಲಾಟದ ಪ್ರೇಕ್ಷಕ ಒಂದೇ ಕಡೆ ಕೂತು, ಒಂದೇ ಪ್ರಸಂಗದೊಡನೆ ಬೆಳಗು ಕಾಣುತ್ತಾನೆ. ನಡುರಾತ್ರಿಯ ಮಂದಗತಿಗೂ ಮುಂಜಾವದ ಬಿರುಸಿಗೂ ಆಟದಲ್ಲೇ ಎಡೆಯಿರುತ್ತದೆ. ನ್ವಿ ಬ್ಲಾಂಶ್‌ನಲ್ಲಿ ಹಾಗಲ್ಲ. ನಕಾಶೆ ಹಿಡಿದ ಪ್ರೇಕ್ಷಕ ಒಂದರಿಂದ ಇನ್ನೊಂದಕ್ಕೆ ಓಡುತ್ತಾನೆ. ಹೆಸರುವಾಸಿ ಕೃತಿಯ ಮುಂದೆ ಉದ್ದದ ಸಾಲು, ಎರಡು ನಿಮಿಷದ ನೋಟ, ಒಂದು ಫೋಟೊ. ಹೀಗಾದಾಗ ದೂರದಿಂದಲೇ ಹೊಳೆಯುವ ಕೃತಿ ಗೆಲ್ಲುತ್ತದೆ, ಸಮಯ ಬೇಡುವ ಕೃತಿ ಸೋಲುತ್ತದೆ. ಮೊದಲ ಹತ್ತು ವರ್ಷ ಸ್ಕೋಶಿಯಾ ಬ್ಯಾಂಕಿನ ಹೆಸರು ಹೊತ್ತಿದ್ದ ಹಬ್ಬ, ಆ ಪ್ರಾಯೋಜಕತ್ವ ಹಿಂದೆ ಸರಿದ ಮೇಲೂ ತಲೆ ಎಣಿಸಿ ಯಶಸ್ಸು ಅಳೆಯುವ ಅಭ್ಯಾಸವನ್ನು ಪೂರ್ತಿ ಬಿಡಬೇಕಿತ್ತು.

2018ರಲ್ಲಿ ಅದು ಮಹತ್ವದ ಹೆಜ್ಜೆಯೊಂದನ್ನಿಟ್ಟಿತು. ಹನ್ನೆರಡು ವರ್ಷ ಮುಖ್ಯವಾಗಿ ನಗರಕೇಂದ್ರದಲ್ಲೇ ಸುತ್ತಿದ ಹಬ್ಬ, ದಕ್ಷಿಣ ಏಷ್ಯಾದ ವಲಸಿಗರು ದೊಡ್ಡ ಸಂಖ್ಯೆಯಲ್ಲಿರುವ ಸ್ಕಾರ್‌ಬರೊಗೆ ಹೋಯಿತು. ಕಲೆ ನೋಡಲು ಸದಾ ರೈಲು ಹತ್ತಿ ಪೇಟೆಗೆ ಹೋಗಬೇಕಾಗಿದ್ದವರ ಮನೆಬಾಗಿಲಿಗೇ ಕಲೆ ಬಂತು. ಹಬ್ಬದ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ನಿರ್ಧಾರ ಇನ್ನೊಂದಿಲ್ಲ. ಇದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋಗಬೇಕು. ಕೃತಿಗಳ ಸಂಖ್ಯೆ ಇಳಿಯಲಿ, ಬಡಾವಣೆಗಳು ಹೆಚ್ಚಲಿ. ಕಲಾವಿದರನ್ನು ಆರಿಸುವಾಗ ಬೆಳಗಿನ ಜಾವ ನಾಲ್ಕಕ್ಕೆ ಕೃತಿ ಏನಾಗಿರುತ್ತದೆ ಎಂದು ಕೇಳಲಿ. ನಕಾಯಾ, ಕಾಲ್ ಇಬ್ಬರ ಕೃತಿಗಳಲ್ಲೂ ಅದಕ್ಕೆ ಉತ್ತರವಿತ್ತು.