ತುರ್ಕೀ ಭಾಷೆಯ ಪ್ರತ್ಯಯಗಳೂ ಕ್ರಿಯಾಪ್ರಯೋಗಗಳೂ

ಕಾಲ್ಡ್‌ವೆಲ್ ಪಂಡಿತನು 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ, ಈ ಭಾಷೆಗಳು ತುರ್ಕಿಯನ್ನೊಳಗೊಂಡ ‘ಸಿಥಿಯನ್’ ವರ್ಗಕ್ಕೆ ಸಮೀಪವಾದುವೆಂದು ಪ್ರತಿಪಾದಿಸಿದನು. ಆ ಗ್ರಂಥದ ಗೌರವಕ್ಕೆ ಕುಂದಿಲ್ಲ. ಆದರೆ ರಚನೆಯ ಹೋಲಿಕೆಯಿಂದ ಬಾಂಧವ್ಯವನ್ನು ಊಹಿಸುವ ಕ್ರಮವು ಪರೀಕ್ಷಾರ್ಹವಾಗಿದೆ.

ತುರ್ಕಿಯಲ್ಲಿ ‘ಎವ್’ ಎಂದರೆ ಮನೆ, ‘ಎವ್‌ಲೆರ್’ ಮನೆಗಳು, ‘ಎವ್‌ಲೆರಿಮ್’ ನನ್ನ ಮನೆಗಳು, ‘ಎವ್‌ಲೆರಿಮ್‌ದೆ’ ನನ್ನ ಮನೆಗಳಲ್ಲಿ. ಪ್ರಕೃತಿಯು ಕೆಡದೆ ಪ್ರತ್ಯಯಗಳು ಒಂದರ ಮೇಲೊಂದು ಸೇರುವ ಈ ಕ್ರಮವು ಕನ್ನಡಿಗರಿಗೆ ಪರಿಚಿತವೇ. ಆದರೆ ‘ನನ್ನ’ ಎಂಬರ್ಥವನ್ನು ನಾಮಪದದ ನಡುವೆ ತರುವ ಪ್ರತ್ಯಯವು ಕನ್ನಡದಲ್ಲಿಲ್ಲ. ಅದಲ್ಲದೆ, ತುರ್ಕಿಯಲ್ಲಿ ಪ್ರಕೃತಿಯ ಸ್ವರವನ್ನನುಸರಿಸಿ ಪ್ರತ್ಯಯದ ಸ್ವರವು ಮಾರ್ಪಡುತ್ತದೆ: ‘ಎವ್’ ಶಬ್ದಕ್ಕೆ ‘ಲೆರ್’ ಸೇರಿದರೆ, ಕುದುರೆಯೆಂಬರ್ಥದ ‘ಅತ್’ ಶಬ್ದಕ್ಕೆ ‘ಲಾರ್’ ಸೇರುತ್ತದೆ. ಕನ್ನಡದ ‘ಗಳು’ ಮನೆಗಳು, ಮರಗಳು ಎಂಬೆರಡರಲ್ಲಿಯೂ ಒಂದೇ.

ಕ್ರಿಯೆಗಳ ರೂಢಿಪ್ರಯೋಗಗಳಲ್ಲಿ ಹೋಲಿಕೆಯು ಇನ್ನೂ ಮೋಹಕವಾದುದು. ‘ದಾಯಾಕ್ ಯೆಮೆಕ್’ ಎಂದರೆ ಏಟು ತಿನ್ನುವುದು. ‘ಸೋಜ಼್ ವೆರ್ಮೆಕ್’ ಎಂದರೆ ಮಾತು ಕೊಡುವುದು. ನಿದ್ದೆ ಬಂತು ಎಂಬಲ್ಲಿ ತುರ್ಕಿಯೂ ‘ಉಯ್ಕುಮ್ ಗೆಲ್ದಿ’ ಎನ್ನುತ್ತದೆ. ಆದರೆ ಕನ್ನಡವು ‘ನನಗೆ’ ಎಂದು ಚತುರ್ಥಿಯನ್ನು ಬಳಸುವಲ್ಲಿ, ತುರ್ಕಿಯು ‘ನನ್ನ ನಿದ್ದೆ ಬಂತು’ ಎನ್ನುತ್ತದೆ. ಅನ್ಯಕುಲದ ಹಿಂದಿಯಲ್ಲಿಯೂ ಏಟು ತಿನ್ನುವ ಪ್ರಯೋಗವುಂಟಾದುದರಿಂದ, ಇಂತಹ ರೂಢಿಗಳು ಕುಲಕ್ಕೆ ಪ್ರಮಾಣವಾಗಲಾರವು.

ಭೂತಕಾಲದ ವಿಚಾರವು ಇದನ್ನು ದೃಢಪಡಿಸುತ್ತದೆ. ‘ಗೆಲ್ದಿ’ ಎಂಬುದು ವಕ್ತೃವು ಕಂಡರಿತ ಬರವು. ‘ಗೆಲ್ಮಿಶ್’ ಎಂಬುದು ಕೇಳಿದ ಅಥವಾ ಕುರುಹಿನಿಂದ ಊಹಿಸಿದ ಬರವು. ಹನ್ನೊಂದನೆಯ ಶತಮಾನದ ಮಹಮೂದ್ ಕಾಶ್ಗರಿಯು ತನ್ನ ತುರ್ಕೀ ನಿಘಂಟಿನಲ್ಲಿಯೇ ಈ ಭೇದವನ್ನು ಗುರುತಿಸಿದ್ದಾನೆ. ಪಾಣಿನಿಯು ಪರೋಕ್ಷಭೂತಕ್ಕೆ ಲಿಟ್ ಲಕಾರವನ್ನು ವಿಧಿಸಿರುವುದು ಇಲ್ಲಿ ಸ್ಮರಣೀಯ. ತನ್ನ ಕಾರ್ಯವೇ ತನಗೆ ಪರೋಕ್ಷವಾಗುವುದೆಂತು ಎಂಬ ಶಂಕೆಗೆ, ನಿದ್ರೆ ಮದಗಳಲ್ಲಿ ಅದು ಸಾಧ್ಯವೆಂದು ಸಂಸ್ಕೃತ ವೈಯಾಕರಣರು ಸಮಾಧಾನ ಹೇಳಿದರು. ತುರ್ಕಿಯವನೂ ಎಚ್ಚೆತ್ತು ‘ಉಯುಮುಶುಮ್’, ಅಂದರೆ ‘ನಿದ್ದೆ ಹೋಗಿದ್ದೆನಂತೆ’ ಎನ್ನುತ್ತಾನೆ! ಲಿಟ್ಟಿಗಿರುವ ಅನದ್ಯತನ ನಿಯಮವು ಮಾತ್ರ ತುರ್ಕಿಗಿಲ್ಲ.

ಹೋಲಿಕೆಯೇ ಬಾಂಧವ್ಯವಾದರೆ ತುರ್ಕಿಯು ಸಂಸ್ಕೃತಕ್ಕೂ ಬಂಧುವಾಗಬೇಕಾದೀತು. ಅದನ್ನು ಯಾರೂ ಒಪ್ಪರು. ಕುಲನಿರ್ಣಯಕ್ಕೆ ಬೇಕಾದುದು ಮೂಲಧಾತುಗಳಲ್ಲಿ ನಿಯತವಾಗಿ ಕಾಣುವ ಧ್ವನಿಸಂಬಂಧ. ಹಾಗೆಂದು ಈ ಹೋಲಿಕೆಗಳು ನಿಷ್ಫಲವಲ್ಲ: ಕನ್ನಡದ ‘ಬಂದನು’, ‘ಬಂದನಂತೆ’ ಎಂಬವುಗಳ ಅಂತರವನ್ನು ಬೋಧಿಸುವ ಅಧ್ಯಾಪಕನಿಗೆ ತುರ್ಕಿಯು ಬಂಧುವಲ್ಲದಿದ್ದರೂ ಉತ್ತಮ ಸಾಕ್ಷಿಯಾಗಬಲ್ಲದು.