ನಾಲ್ಕು ಗಂಟೆಯ ವಾರ, ಎರಡು ಹೊತ್ತಿನ ಟಪಾಲು

ಕಾಲವನ್ನು ಮಿತವ್ಯಯದಿಂದ ಬಳಸುವ ವಿದ್ಯೆಯನ್ನು ಬೋಧಿಸುವ ಗ್ರಂಥಗಳು ಈಚಿನ ದಶಕಗಳಲ್ಲಿ ಹೇರಳವಾಗಿ ಹುಟ್ಟಿವೆ. ಅವುಗಳ ಪೈಕಿ ಅಮೆರಿಕದ ತಿಮೋತಿ ಫೆರಿಸ್ 2007ರಲ್ಲಿ ಪ್ರಕಟಿಸಿದ ‘ದಿ ಫೋರ್ ಅವರ್ ವರ್ಕ್‌ವೀಕ್’ ನಮ್ಮ ಊರಿನವರ ವಿಮರ್ಶೆಗೆ ವಿಶೇಷವಾಗಿ ಅರ್ಹವಾದದ್ದು. ಏಕೆಂದರೆ ಆ ಪುಸ್ತಕದಲ್ಲಿ ಬೆಂಗಳೂರಿಗೂ ಒಂದು ಪಾತ್ರವುಂಟು. ಅದು ಪರರಿಗೆ ವಿರಾಮವನ್ನು ಒದಗಿಸಿಕೊಡುವ ಪಾತ್ರ.

ಗ್ರಂಥಕರ್ತನ ವಿಧಿಗಳು ಸರಳವಾಗಿವೆ. ಇ-ಮೇಲನ್ನು ದಿನಕ್ಕೆ ಎರಡೇ ಬಾರಿ, ಮಧ್ಯಾಹ್ನ ಹನ್ನೆರಡಕ್ಕೊಮ್ಮೆ ಮತ್ತು ಸಂಜೆ ನಾಲ್ಕಕ್ಕೊಮ್ಮೆ, ತೆರೆಯತಕ್ಕದ್ದು; ಬೆಳಗ್ಗೆ ಎದ್ದೊಡನೆ ಅದರ ಮುಖವನ್ನು ನೋಡಕೂಡದು; ಈ ವ್ರತವನ್ನು ಪತ್ರ ಬರೆದವರಿಗೆಲ್ಲ ತಾನಾಗಿಯೇ ತಿಳಿಸುವ ಉತ್ತರವೊಂದನ್ನು ಇನ್‌ಬಾಕ್ಸಿಗೆ ಕಟ್ಟಿಡತಕ್ಕದ್ದು. ದೊರೆತ ಅವಧಿಯನ್ನೆಲ್ಲ ತುಂಬುವಷ್ಟಕ್ಕೂ ಕೆಲಸ ಹಿಗ್ಗುತ್ತದೆಂದು 1955ರಲ್ಲಿ ಪಾರ್ಕಿನ್ಸನ್ ವಿನೋದವಾಗಿ ನಿರೂಪಿಸಿದ ಸೂತ್ರವೇ ಇಲ್ಲಿಯೂ ಆಧಾರ. ಗಳಿಗೆಗೊಮ್ಮೆ ಪತ್ರಕ್ಕಾಗಿ ಇಣುಕುವವನ ಚಿತ್ತ ಯಾವ ಕಾರ್ಯದಲ್ಲಿಯೂ ನೆಲೆಗೊಳ್ಳದೆಂಬುದು ಅನುಭವಸಿದ್ಧವಾದ್ದರಿಂದ, ತತ್ತ್ವದ ಮಟ್ಟಿಗೆ ಇದನ್ನು ಒಪ್ಪಲು ಅಡ್ಡಿಯಿಲ್ಲ.

ಆದರೆ ತತ್ತ್ವವನ್ನು ತ್ಯಾಗರಾಜನಗರದ ಗಡಿಯಾರಕ್ಕೆ ಹಿಡಿದು ನೋಡಬೇಕು. ನರಸಿಂಹರಾಜ ಕಾಲೊನಿಯ ಮಗ್ಗುಲಿನ ಈ ಹಳೆಯ ಬಡಾವಣೆಯಲ್ಲಿ, ಸಂಜೆ ಕಚೇರಿಯ ಬೀಗ ಬಿದ್ದೊಡನೆ ಕಚೇರಿಯ ಚಿಂತೆಗೂ ಬೀಗ ಬೀಳುತ್ತಿದ್ದ ಗುಮಾಸ್ತರ, ಬ್ಯಾಂಕು ನೌಕರರ ಮನೆಗಳಿದ್ದುವು. ಅಂಥ ಮನೆಗಳ ಮಕ್ಕಳು ಈಗ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಸಾಗರದಾಚೆಯ ಗಿರಾಕಿಗಳಿಗಾಗಿ ದುಡಿಯುತ್ತಾರೆ. ನ್ಯೂಯಾರ್ಕಿನ ಬೇಸಗೆಯ ಮಧ್ಯಾಹ್ನ ಹನ್ನೆರಡೆಂದರೆ ಇಲ್ಲಿ ರಾತ್ರಿ ಒಂಬತ್ತೂವರೆ; ಅಲ್ಲಿನ ಸಂಜೆ ನಾಲ್ಕೆಂದರೆ ಇಲ್ಲಿ ನಡುರಾತ್ರಿ ಕಳೆದು ಒಂದೂವರೆ. ಹೀಗಾಗಿ ಅಲ್ಲಿನ ವ್ರತಸ್ಥನು ತನ್ನ ಉತ್ತರಗಳನ್ನೆಲ್ಲ ಒಟ್ಟುಗೂಡಿಸಿ ನಿಶ್ಚಿಂತನಾಗಿ ಕಳುಹಿಸುವ ಹೊತ್ತು, ಇಲ್ಲಿ ಊಟ ಮುಗಿಸಿದವನೊಬ್ಬನು ಮತ್ತೆ ಲ್ಯಾಪ್‌ಟಾಪ್ ತೆರೆಯಬೇಕಾದ ಹೊತ್ತಾಗುತ್ತದೆ. ಒಬ್ಬನ ನಿಯಮ ಮತ್ತೊಬ್ಬನ ನಿದ್ರಾಭಂಗವಾಗುವ ಈ ಸಂಭವವನ್ನು ಪುಸ್ತಕ ಲೆಕ್ಕಕ್ಕೇ ಹಿಡಿದಿಲ್ಲ.

ಲೆಕ್ಕಕ್ಕೆ ಹಿಡಿಯದಿರುವುದಕ್ಕೆ ಕಾರಣವೂ ಅದರೊಳಗೇ ಇದೆ. ಎಸ್ಕ್ವೈರ್ ಪತ್ರಿಕೆಯ ಎ. ಜೆ. ಜೇಕಬ್ಸ್ ಎಂಬಾತ 2005ರಲ್ಲಿ ಬರೆದ ವಿನೋದಮಯ ಪ್ರಬಂಧವೊಂದನ್ನು ಫೆರಿಸ್ ತನ್ನ ಗ್ರಂಥದಲ್ಲಿ ಸೇರಿಸಿಕೊಂಡಿದ್ದಾನೆ. ಬೆಂಗಳೂರಿನ ಬ್ರಿಕ್‌ವರ್ಕ್ ಸಂಸ್ಥೆಯ ಸಹಾಯಕರಿಗೆ ತನ್ನ ಪತ್ರವ್ಯವಹಾರವನ್ನೂ ವಿಷಯಸಂಗ್ರಹವನ್ನೂ ಒಪ್ಪಿಸಿ ತಾನು ಹಗುರಾದ ಬಗೆಯನ್ನು ಜೇಕಬ್ಸ್ ಅಲ್ಲಿ ಬಣ್ಣಿಸಿದ್ದಾನೆ. ಇದರಿಂದ ಇಲ್ಲಿಯವರಿಗೆ ಜೀವನೋಪಾಯ ದೊರೆಯಿತೆಂಬುದು ನಿಜ, ಅದನ್ನು ಹೀನವೆನ್ನಲಾಗದು. ಆದರೆ ಹೀಗೆ ಉಳಿದ ಕಾಲವನ್ನು ವಿಧಾನದ ಮಹಿಮೆಯೆಂದು ಕೊಂಡಾಡುವುದು, ತನ್ನ ಮನೆಯ ಕಸವನ್ನು ನೆರೆಯವನ ಅಂಗಳಕ್ಕೆ ಗುಡಿಸಿ ಪೊರಕೆಯನ್ನು ಹೊಗಳಿದಂತೆ.

ಇಷ್ಟಾದರೂ ಪುಸ್ತಕ ತ್ಯಾಜ್ಯವಲ್ಲ. ಗಿರಾಕಿಗಳ ದೂರುಗಳನ್ನು ವಿಚಾರಿಸುತ್ತಿದ್ದ ಕೆಲಸಗಾರರು ಪ್ರತಿಯೊಂದಕ್ಕೂ ತನ್ನ ಅಪ್ಪಣೆ ಕೇಳಿ ಪತ್ರ ಬರೆಯುತ್ತಿದ್ದುದನ್ನು ಕಂಡ ಫೆರಿಸ್, ನೂರು ಡಾಲರಿನೊಳಗೆ ಬಗೆಹರಿಯುವುದನ್ನೆಲ್ಲ ಸ್ವಬುದ್ಧಿಯಿಂದ ಬಗೆಹರಿಸಿಬಿಡಿರೆಂದು ಅವರಿಗೆ ಅಧಿಕಾರ ಕೊಟ್ಟನು. ಕೊಟ್ಟೊಡನೆ ಪತ್ರಗಳ ಪ್ರವಾಹ ಇಳಿಯಿತು. ಸಮಗ್ರ ಗ್ರಂಥದಲ್ಲಿ ಅತ್ಯಂತ ಬೆಲೆಯುಳ್ಳ ಪುಟಗಳು ಇವೇ ಎಂದು ನನ್ನ ಅಭಿಪ್ರಾಯ. ನಮ್ಮ ಕಚೇರಿಗಳಲ್ಲಿ ಪತ್ರಗಳು ಹೆಚ್ಚಾಗಿರುವುದು ನೌಕರನ ಸಂಯಮ ಸಾಲದೆ ಅಲ್ಲ. ತೀರ್ಮಾನಿಸುವ ಅಧಿಕಾರವಿಲ್ಲದವನು ಮೇಲಿನವರನ್ನು ಕೇಳುತ್ತಾನೆ, ಕೇಳಿದ್ದಕ್ಕೆ ಸಾಕ್ಷಿಯಿರಲೆಂದು ಹತ್ತು ಮಂದಿಯನ್ನು ‘ಸಿಸಿ’ಯಲ್ಲಿ ಸೇರಿಸುತ್ತಾನೆ, ಆ ಹತ್ತು ಮಂದಿಯೂ ತಾವು ನೋಡಿದೆವೆಂದು ತೋರಿಸಲು ಒಂದೊಂದು ಸಾಲು ಬರೆಯುತ್ತಾರೆ. ಈ ಭಯಮೂಲವಾದ ವ್ಯಾಧಿಗೆ ಹನ್ನೆರಡು-ನಾಲ್ಕರ ವ್ರತ ಮದ್ದಾಗಲಾರದು.

ವಿಳಂಬದ ಹೊರೆ ಯಾರ ಮೇಲೆ ಬೀಳಬೇಕೆಂಬ ಪ್ರಶ್ನೆಗೆ ನಮ್ಮ ರಾಜ್ಯವೇ ಒಮ್ಮೆ ಉತ್ತರ ಕೊಟ್ಟಿದೆ. 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ವ್ಯವಸ್ಥೆ, ಅರ್ಜಿಗೊಂದು ಸಂಖ್ಯೆಯನ್ನೂ ಸೇವೆಗೊಂದು ಗಡುವನ್ನೂ ಗೊತ್ತುಮಾಡಿ, ಗಡುವು ಮೀರಿದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಅರ್ಜಿದಾರನಿಗೆ ಸಲ್ಲಬೇಕೆಂದೂ ಅದನ್ನು ತಪ್ಪಿತಸ್ಥ ನೌಕರನಿಂದ ವಸೂಲು ಮಾಡಬೇಕೆಂದೂ ವಿಧಿಸಿತು. ಮೊತ್ತ ಅಲ್ಪ, ಅದರ ಹಿಂದಿನ ನ್ಯಾಯ ಅಲ್ಪವಲ್ಲ. ಕಾಲವನ್ನು ಅದು ಒಬ್ಬನ ಸ್ವಂತ ಉಳಿತಾಯವಾಗಿ ಎಣಿಸದೆ ಇಬ್ಬರ ನಡುವಣ ಋಣವಾಗಿ ಎಣಿಸಿತು. ಫೆರಿಸನ ಗ್ರಂಥದಲ್ಲಿ ಇಲ್ಲದಿರುವುದು ಈ ದೃಷ್ಟಿ.

ಆದ್ದರಿಂದ ಆತನ ವಿಧಾನವನ್ನು ಪರೀಕ್ಷಿಸಬಯಸುವ ಮೇಲಧಿಕಾರಿ ಮೊದಲು ಕೈಹಚ್ಚಬೇಕಾದದ್ದು ತನ್ನ ದಿನಚರಿಗಲ್ಲ. ಯಾವ ಯಾವ ವಿಷಯಗಳನ್ನು ಕೈಕೆಳಗಿನವರು ತನ್ನನ್ನು ಕೇಳದೆಯೇ ಮುಗಿಸಬಹುದು, ರಾತ್ರಿ ಬಂದ ಪತ್ರಗಳಲ್ಲಿ ಯಾವುವು ಬೆಳಗಿನವರೆಗೆ ಕಾಯಬಹುದು ಎಂಬ ಪಟ್ಟಿಯನ್ನು ಅವನು ಬರೆದು ತನ್ನ ರುಜುವಿನೊಂದಿಗೆ ಪ್ರಕಟಿಸಲಿ. ಆ ರುಜು ಬೀಳದಿರುವವರೆಗೆ, ಪತ್ರಪೆಟ್ಟಿಗೆಯನ್ನು ದಿನಕ್ಕೆ ಎರಡು ಸಲ ತೆರೆಯುವ ಭಾಗ್ಯ ಅವನೊಬ್ಬನದೇ ಆಗಿರುತ್ತದೆ.